ಚಪ್ಪರದ ಬಾಳೆ

ಈಶ್ವರಿ ಅತ್ತೆಗೆ ಮದುವೆಯಾಗುವವರೆಗೂ ನಾನು ಮಲಗುತ್ತಿದ್ದುದು ಅವಳ ಪಕ್ಕದಲ್ಲೇ. ಮಾರ್ಕಯನ್‌ಕೋಟ್ಟೈಯ ನಮ್ಮ ಹಂಚಿನ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯೆ ಒಂದು ಇಕ್ಕಟ್ಟಾದ ಕೋಣೆ ಇತ್ತು. ಅದರ ಒಂದು ಗೋಡೆಗೆ ಒರಗಿ ಭತ್ತ ತುಂಬುವ ಮಣ್ಣಿನ ವಾಡೆ, ಇನ್ನೊಂದು ಗೋಡೆಯ ಬುಡದಲ್ಲಿ ಹಣ್ಣಾಗಲು ಇಟ್ಟ ಬಾಳೆಗೊನೆಗಳು, ನಡುವೆ ಉಳಿದ ಜಾಗದಲ್ಲಿ ನಮ್ಮಿಬ್ಬರ ಚಾಪೆ. ಗೊನೆಗಳಿಗೆ ಹಾಕಿದ ಹೊಗೆಯ ವಾಸನೆ ನಮ್ಮ ಹೊದಿಕೆಗೂ ಕೂದಲಿಗೂ ಹತ್ತಿರುತ್ತಿತ್ತು. ಅತ್ತೆ ಅಪ್ಪನ ತಂಗಿ. ಅಪ್ಪನಿಗಿಂತ ಬಹಳ ಚಿಕ್ಕವಳು, ನನಗಿಂತ ತೀರ ದೊಡ್ಡವಳೇನಲ್ಲ ಅನ್ನಿಸುವಷ್ಟು ಸಲುಗೆಯವಳು. ಅಜ್ಜಿಯ ಎದುರು ನಿಂತು ಮಾತಾಡುವ ಧೈರ್ಯ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು. ಅಜ್ಜ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅಜ್ಜಿಯದು. ಅಪ್ಪ ತೋಟಕ್ಕೆ ನೀರು ಬಿಡುವ ಮುನ್ನವೂ ಅವಳ ಮುಖ ನೋಡುತ್ತಿದ್ದ. ಅವ್ವ ಸೊಸೆ, ಅವಳು ಏನು ಹೇಳಬೇಕಾದರೂ ಒಲೆಯ ಕಡೆ ತಿರುಗಿ, ಪಾತ್ರೆಗೆ ಹೇಳುವವಳಂತೆ ಹೇಳುತ್ತಿದ್ದಳು. ನಾವು ಮನೆಯೊಳಗೆ ಆಡುತ್ತಿದ್ದುದು ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಹಿರಿಯರು ಎಂದು ಈ ಕಣಿವೆಗೆ ಬಂದರೋ ಯಾರಿಗೂ ಗೊತ್ತಿರಲಿಲ್ಲ, ಕೇಳುವ ಅಗತ್ಯವೂ ಬಿದ್ದಿರಲಿಲ್ಲ.

ತೋಟ ಕಾಲುವೆಯ ಆಚೆ ಬದಿಗಿತ್ತು. ಹೆಚ್ಚಿನ ಪಾಲು ರಸಬಾಳೆ, ಬಾವಿಯ ಸುತ್ತ ಒಂದಿಷ್ಟು ಕೆಂಬಾಳೆ. ನಮ್ಮ ಊಟವೆಲ್ಲ ಅಲ್ಲಿಂದಲೇ ಬರುತ್ತಿತ್ತು ಅಂದರೂ ತಪ್ಪಿಲ್ಲ. ಹೂವಿನ ಪಲ್ಯಕ್ಕೆ ಅವ್ವ ಒಂದೊಂದೇ ಹೂವಿನ ನರ ಕಿತ್ತು ಮಜ್ಜಿಗೆಯಲ್ಲಿ ಹಾಕುತ್ತಿದ್ದಳು. ದಿಂಡು ಹೆಚ್ಚುವಾಗ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ಎಳೆಯುವುದು ನನ್ನ ಪಾಲಿನ ಕೆಲಸ. ಕಾಯಿಯ ಸಿಪ್ಪೆಯನ್ನೂ ಅಜ್ಜಿ ಬಿಸಾಡಲು ಬಿಡುತ್ತಿರಲಿಲ್ಲ, ಬೇಯಿಸಿ ಚಟ್ನಿ ಅರೆಸುತ್ತಿದ್ದಳು. ಗೊನೆ ಕಡಿದ ಮರ ತನ್ನ ಕೆಲಸ ಮುಗಿಸಿ ಬಿದ್ದರೂ ಅದರ ಬುಡದಲ್ಲಿ ಕಂದುಗಳು, ಅಂದರೆ ಮರಿಗಿಡಗಳು, ಎದ್ದಿರುತ್ತಿದ್ದವು. ಅಜ್ಜಿ ಅವುಗಳ ಲೆಕ್ಕವನ್ನು ಬಸುರಿ ಹೆಂಗಸಿನ ತಿಂಗಳುಗಳ ಹಾಗೆ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದಳು. ಯಾವ ಬುಡದಲ್ಲಿ ಎಷ್ಟು ಕಂದು, ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬುದೆಲ್ಲ ಅವಳ ಮಾತೇ.

ಅತ್ತೆಯನ್ನು ಓಡೈಪಟ್ಟಿಗೆ ಕೊಟ್ಟರು. ಗಂಡಿನ ಮನೆಯವರು ದ್ರಾಕ್ಷಿ ಬೆಳೆಯುವವರು, ನಮ್ಮ ಜನವೇ. ಗಂಡಿನ ಅಪ್ಪ, ಅಜ್ಜಿ ಕರೆಯುತ್ತಿದ್ದ ಹಾಗೆ ಸಂಬಂದಿ, ಗತ್ತಿನ ಮನುಷ್ಯ. ಮದುವೆ ನಮ್ಮ ಮನೆಯ ಮುಂದೆಯೇ ಆಗಬೇಕೆಂದು ತೀರ್ಮಾನವಾದಾಗ, ಚಪ್ಪರದ ಬಾಗಿಲಿಗೆ ಕಟ್ಟುವ ಬಾಳೆಯನ್ನು ತಾವೇ ತರುವುದಾಗಿ ಅವರು ಹೇಳಿ ಕಳಿಸಿದರು. ದಿಂಡುಗಲ್ಲಿನ ಆಚೆ ಸಿರುಮಲೈ ಬೆಟ್ಟದಲ್ಲಿ ಅವರ ಭಾವನಿಗೆ ಒಂದು ತೋಟವಿತ್ತಂತೆ. ಬಾಳೆ ತೋಟದವರ ಮನೆಗೆ ಹೊರಗಿನಿಂದ ಬಾಳೆ ತರುತ್ತಾರೆಂದು ಅಪ್ಪನಿಗೆ ಸ್ವಲ್ಪ ಮುಖ ಸಣ್ಣದಾಯಿತು. ಅಜ್ಜಿ ಮಾತ್ರ ಹಿಗ್ಗಿದಳು. ಬೆಟ್ಟದ ಬಾಳೆಯ ಹಣ್ಣು ದೇವರಿಗೆ ಪ್ರಿಯ, ವಾರಗಟ್ಟಲೆ ಇಟ್ಟರೂ ಕೊಳೆಯುವುದಿಲ್ಲ, ಅಂಥದ್ದು ತನ್ನ ತೋಟದಲ್ಲಿಲ್ಲ ಎಂಬುದು ಅವಳ ಹಳೆಯ ಕೊರಗು. ಬುಡದ ಗಡ್ಡೆ ಸಮೇತ ಕಿತ್ತು ತರಬೇಕೆಂದು ಅವಳೇ ಹೇಳಿ ಕಳಿಸಿದಳು.

ಲಾರಿಯಲ್ಲಿ ಬಂದ ಆ ಜೋಡಿ ಮರಗಳನ್ನು ನೋಡಲು ಬೀದಿಯೇ ಸೇರಿತು. ಎರಡರಲ್ಲೂ ತುಂಬಿದ ಗೊನೆ, ಗಡ್ಡೆಗೆ ಅಂಟಿದ ಬೆಟ್ಟದ ಕರಿಮಣ್ಣು, ಒಂದೊಂದರ ಬುಡದಲ್ಲೂ ಈಟಿಯ ಮೊನೆಯಂಥ ಕಂದುಗಳು. ಚಪ್ಪರದ ಎರಡು ಕಡೆ ಗುಂಡಿ ತೋಡಿ, ಹಸಿ ಮರಳು ತುಂಬಿ ನಿಲ್ಲಿಸಿದರು. ಅದರ ಕೆಳಗೆ ಹಾದು ಮದುಮಗ ಬಂದ, ಅದರ ಕೆಳಗೆ ಹಾದೇ ಅತ್ತೆ ಹೋದಳು. ಮದುವೆ ಮುಗಿದ ಮೇಲೆ ಅಜ್ಜಿ ಅವನ್ನು ತೋಟಕ್ಕೆ ಹೊರಿಸಿ, ಬಾವಿಯ ಪಕ್ಕದಲ್ಲೇ ನೆಡಿಸಿದಳು. ತಾಯಿಮರಗಳು ಗೊನೆ ಬಲಿತು ತಮ್ಮ ಪಾಡಿಗೆ ಬಿದ್ದವು, ಕಂದುಗಳು ಚಿಗುರಿದವು. ಪ್ರತಿ ಶುಕ್ರವಾರ ಅಜ್ಜಿ ಆ ಬುಡಕ್ಕೆ ಅರಿಸಿನ ಕುಂಕುಮ ಹಚ್ಚಿ, ನೀರೆರೆದು, ಕೈಮುಗಿದು ಬರುತ್ತಿದ್ದಳು. ಅತ್ತೆಯಿಲ್ಲದ ಕೋಣೆಯಲ್ಲಿ ಒಬ್ಬಳೇ ಮಲಗಲು ಆಗದೆ ನಾನು ಅಜ್ಜಿಯ ಬಳಿ ಮಲಗಲು ಶುರುಮಾಡಿದ್ದೆ. ಶುಕ್ರವಾರ ಅವಳ ಜೊತೆ ನಾನೂ ಹೋಗುತ್ತಿದ್ದೆ.

"ಈ ಕಂದು ಹೆಂಗೆ ಬೆಳಿತೈತೋ ನಿಮ್ಮತ್ತೆ ಹೊಟ್ಟೇಲೂ ಹಂಗೇ ಬೆಳೀಬೇಕು. ಇದುಕ್ಕೆ ಕತ್ತಿ ತಾಗಿಸಬಾರದು, ಆಯ್ತಾ ಪಾಪಾ?" ಅನ್ನುತ್ತಿದ್ದಳು.

ನಾನು ತಲೆಯಾಡಿಸುತ್ತಿದ್ದೆ. ಅತ್ತೆಯನ್ನು ಕಾಯಲು ನನಗೂ ಏನೋ ಒಂದು ಸಿಕ್ಕಿತ್ತು.

ಮೊದಲು ಕಂಡದ್ದು ಆ ಕಂದುಗಳಲ್ಲೇ. ಎಲೆಗಳು ಅಗಲವಾಗುವುದನ್ನು ಬಿಟ್ಟು ಕಿರಿದಾಗಿ, ನೆಟ್ಟಗೆ ಮೇಲಕ್ಕೇ ನಿಂತವು. ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದು, ಅದರ ನಂತರದ್ದು ಇನ್ನೂ ಚಿಕ್ಕದು. ಎಲ್ಲ ಒಂದರ ಮೇಲೊಂದು ಒತ್ತಿಕೊಂಡು ತಲೆಯ ಮೇಲೆ ಬಿಗಿದ ತುರುಬಿನ ಕೊಪ್ಪಿನಂತೆ ಕಾಣುತ್ತಿದ್ದವು. ಅಂಚು ಹಳದಿಗೆ ತಿರುಗಿತ್ತು. ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಬೆಟ್ಟದ ಜಾತಿ ನಮ್ಮ ಕಣಿವೆಯ ಬಿಸಿಲಿಗೆ ಹೊಂದಲು ಕಾಲ ಬೇಕೆಂದು ಅಜ್ಜಿ ಹೇಳಿದಳು. ಗೊಬ್ಬರ ಹಾಕಿಸಿದಳು, ನೀರು ಹೆಚ್ಚಿಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕದ ಕೆಂಬಾಳೆಯೂ ಹಾಗೇ ಕೊಪ್ಪು ಕಟ್ಟಿತು. ಆಮೇಲೆ ರಸಬಾಳೆಯ ಸಾಲಿನಲ್ಲಿ ಇಲ್ಲೊಂದು, ಅಲ್ಲೊಂದು. ಹಸಿರಾಗಿ ನಿಂತಿದ್ದ ಮರ ಗೊನೆಯನ್ನು ಹೊರಗೆ ಹಾಕಲಾರದೆ ಕತ್ತಿನಲ್ಲೇ ಹಿಡಿದುಕೊಂಡು ನಿಲ್ಲುತ್ತಿತ್ತು.

ಮನೆಯಲ್ಲಿ ಮಾತು ಕೆಟ್ಟಿತು. ಯಾರದೋ ಕಣ್ಣು ಬಿದ್ದಿದೆ ಎಂದು ಅಜ್ಜಿ ತೋಟದ ದಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದಳು. ಯಾರ ಕಣ್ಣು ಎಂಬ ಮಾತು ಬಂದಾಗ ಅದು ಸುತ್ತಿ ಸುತ್ತಿ ಅವ್ವನ ತೌರಿನವರ ಮೇಲೆ ಬಂದು ನಿಂತಿತು. ಮದುವೆಗೆ ಬಂದಿದ್ದ ಅವ್ವನ ಅಣ್ಣ ತೋಟ ನೋಡಿ "ಎಂಥಾ ತೋಟ!" ಅಂದಿದ್ದನಂತೆ. ಅವ್ವ ಅಂದು ಊಟ ಮಾಡಲಿಲ್ಲ. ನನಗೆ ಬಡಿಸಿದ ಮೇಲೆ ಗೋಡೆಗೆ ಒರಗಿ ಕೂತೇ ಇದ್ದಳು.

ಅಪ್ಪ ಯಾರಿಗೂ ಹೇಳದೆ ಚಿನ್ನಮನೂರಿಗೆ ಹೋಗಿ ಕೃಷಿ ಇಲಾಖೆಯ ಒಬ್ಬ ಹೆಂಗಸನ್ನು ಕರೆತಂದ. ಸ್ಕೂಟರಿನಲ್ಲಿ ಬಂದ ಆಕೆ ಸೀರೆಯ ಅಂಚನ್ನು ಎತ್ತಿ ಸಿಕ್ಕಿಸಿ, ನೇರ ತೋಟದೊಳಕ್ಕೆ ನಡೆದರು. ನೆಟ್ಟಗೆ ಕೊಪ್ಪು ಕಟ್ಟಿದ ಒಂದು ಮರದ ಎಲೆಯನ್ನು ಬಗ್ಗಿಸಿ, ಅದರ ದಂಟಿನ ಹಿಂಬದಿಯನ್ನು ಬೆಳಕಿಗೆ ಹಿಡಿದರು. ಅಲ್ಲಿ ಕಡುಹಸಿರು ಗೆರೆಗಳು, ಚುಕ್ಕೆಗಳು, ಯಾರೋ ಮಸಿಯಲ್ಲಿ ಎಳೆದು ನಿಲ್ಲಿಸಿ ಎಳೆದು ನಿಲ್ಲಿಸಿ ಮಾಡಿದಂತೆ. "ಮುಡಿಕೊತ್ತು" ಎಂದರು. ಅದು ಅವರ ತಮಿಳಿನಲ್ಲಿ ರೋಗದ ಹೆಸರು. ಮುಡಿ ಅಂದರೆ ನಮ್ಮ ಮಾತಿನಲ್ಲೂ ಕೂದಲು, ಕೊತ್ತು ಅಂದರೆ ಗೊಂಚಲು, ಆದ್ದರಿಂದ ನನಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಮರದ ಬುಡದಲ್ಲಿ ಒಣಗಿದ ಪಟ್ಟೆಯನ್ನು ಸರಿಸಿ, ಚೀಲದಿಂದ ಮಸೂರ ತೆಗೆದು ಅಪ್ಪನ ಕೈಗೆ ಕೊಟ್ಟರು. ಅಪ್ಪ ನೋಡಿದ, ಆಮೇಲೆ ನನ್ನ ಕೈಗೆ ಕೊಟ್ಟ. ಎಳ್ಳಿನ ಪುಡಿ ಚೆಲ್ಲಿದೆ ಅಂದುಕೊಂಡದ್ದಕ್ಕೆ ಕಾಲುಗಳಿದ್ದವು. ಕಂದುಗಪ್ಪು ಮೈಯ, ಹೊಟ್ಟೆ ಉಬ್ಬಿದ ಹೇನುಗಳು ತಲೆ ತಗ್ಗಿಸಿ ಗಿಡಕ್ಕೆ ಬಾಯಿ ಚುಚ್ಚಿಕೊಂಡು ಕೂತಿದ್ದವು. ಅವುಗಳ ನಡುವೆ ಇರುವೆಗಳು ಓಡಾಡುತ್ತಿದ್ದವು. ಒಂದೆರಡು ಹೇನುಗಳಿಗೆ ಗಾಜಿನಂಥ ರೆಕ್ಕೆಗಳಿದ್ದವು.

ರೋಗ ಮಣ್ಣಿನದಲ್ಲ, ನೀರಿನದಲ್ಲ, ಯಾರ ಕಣ್ಣಿನದೂ ಅಲ್ಲ ಎಂದು ಆಕೆ ಹೇಳಿದರು. ರೋಗದ ಮರದ ರಸ ಹೀರಿದ ಹೇನು ಒಳ್ಳೆಯ ಮರದ ಮೇಲೆ ಕೂತು ಮತ್ತೆ ಹೀರುವಾಗ ತನ್ನ ಬಾಯಿಯಿಂದಲೇ ಆ ನಂಜನ್ನು ಅದರೊಳಗೆ ಬಿಡುತ್ತದೆ. ಕಚ್ಚಿಸಿಕೊಂಡ ಮರಕ್ಕೆ ಕೂಡಲೇ ಏನೂ ಆಗುವುದಿಲ್ಲ, ಮೇಲಿಂದ ನಳನಳಿಸುತ್ತಲೇ ಇರುತ್ತದೆ, ಹೊಸ ಎಲೆಗಳು ಬರುವಾಗ ಮಾತ್ರ ಗೊತ್ತಾಗುತ್ತದೆ. ಅಷ್ಟರಲ್ಲಿ ಅದರ ಹೇನುಗಳು ಪಕ್ಕದ್ದಕ್ಕೆ ಹೋಗಿರುತ್ತವೆ. ಕಂದು ತಾಯಿಯದೇ ಗಡ್ಡೆಯಿಂದ ಬರುವುದರಿಂದ ತಾಯಿಗಿದ್ದದ್ದು ಕಂದಿಗೂ ಇದ್ದೇ ಇರುತ್ತದೆ. ಇದಕ್ಕೆ ಔಷಧಿ ಇಲ್ಲ. ಮೊದಲು ಮರದ ಸುಳಿಯೊಳಗೆ ಸೀಮೆಎಣ್ಣೆ ಸುರಿದು ಹೇನುಗಳನ್ನು ಕೊಲ್ಲಬೇಕು. ಸುಮ್ಮನೆ ಕಡಿದರೆ ಅವು ಬೇರೆ ಮರ ಹುಡುಕಿಕೊಂಡು ಹೋಗುತ್ತವೆ. ಆಮೇಲೆ ಗಡ್ಡೆ ಸಮೇತ ಕಿತ್ತು, ಚೂರು ಮಾಡಿ, ಮತ್ತೆ ಚಿಗುರದ ಹಾಗೆ ಒಣಗಿಸಬೇಕು. ಒಂದನ್ನೂ ಬಿಡಬಾರದು.

ಎಲ್ಲಿಂದ ಬಂತು ಎಂದು ಅಪ್ಪ ಕೇಳಿದಾಗ ಆಕೆ ಸುತ್ತ ನೋಡಿ, ಬಾವಿಯ ಪಕ್ಕದ ಆ ಬುಡವನ್ನೇ ತೋರಿಸಿದರು. ಗೊನೆ ಹಾಕಿದ ಮೇಲೆ ರೋಗ ತಗುಲಿದ್ದರೆ ತಾಯಿಮರದಲ್ಲಿ ಕಾಣಿಸದೆಯೂ ಇರಬಹುದು, ಕಂದಿನಲ್ಲಿ ಕಾಣಿಸುತ್ತದೆ ಎಂದರು. ಬುಡಕ್ಕೆ ಹಚ್ಚಿದ್ದ ಕುಂಕುಮ ನೋಡಿ ಚೀಲ ಎತ್ತಿಕೊಂಡು ಹೊರಟರು.

ಅಪ್ಪ ಮನೆಗೆ ಬಂದು ಎಲ್ಲವನ್ನೂ ಅಜ್ಜಿಗೆ ಹೇಳಿದ. ಅವಳು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿಸಿಕೊಂಡಳು.

"ಮಿಕ್ಕಿದ್ದೆಲ್ಲ ಕೀಳು. ಅದನ್ನ ಮುಟ್ಟಬ್ಯಾಡ."

"ಅವ್ವಾ, ಅದೇ ಮೂಲ ಅಂತವ್ರೆ. ಅದನ್ನ ಇಟ್ಕೊಂಡು ಬ್ಯಾರೇದು ಕಿತ್ರೆ ಏನ್ ಪ್ರಯೋಜನ?"

"ಸಂಬಂದಿ ಕೊಟ್ಟ ಮದುವೆ ಬಾಳೆ ಅದು. ಹೆಣ್ಣು ಬಸುರಿ ಆಗವ್ಳೆ. ಇಂಥಾ ಹೊತ್ತಲ್ಲಿ ಅದರ ಬುಡಕ್ಕೆ ಹಾರೆ ಹಾಕ್ತೀಯಾ? ನಾನು ಸತ್ತ ಮೇಲೆ ಹಾಕು."

ಅಪ್ಪ ಮರುದಿನವೇ ಕೆಲಸಕ್ಕೆ ಇಳಿದ. ರೋಗ ಹಿಡಿದ ಉಳಿದ ಮರಗಳಿಗೆಲ್ಲ ಇಲಾಖೆಯ ಆಕೆ ಹೇಳಿದ ಹಾಗೆ ಸೀಮೆಎಣ್ಣೆ ಸುರಿದು, ಕಿತ್ತು, ಚೂರು ಮಾಡಿ ಬಿಸಿಲಿಗೆ ಹರಡಿದ. ತೋಟದಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಜಾಗ ಖಾಲಿಯಾಯಿತು. ಬಾವಿಯ ಪಕ್ಕದ ಬುಡ ಮಾತ್ರ ಉಳಿಯಿತು. ಅಪ್ಪ ಅಜ್ಜಿಗೆ ಕಾಣದಂತೆ ಅದಕ್ಕೆ ಕೀಟನಾಶಕ ಹೊಡೆಯುತ್ತಿದ್ದ. ಆದರೂ ಸ್ವಲ್ಪ ದಿನ ಕಳೆಯುವುದರೊಳಗೆ ಅದರ ಸುತ್ತ ಮತ್ತೆ ಒಂದಿಷ್ಟು ಮರಗಳು ಕೊಪ್ಪು ಕಟ್ಟಿದವು. ಅವನ್ನೂ ಕಿತ್ತ. ಅಡುಗೆಮನೆಯಲ್ಲಿ ಅವ್ವ ಮೊದಲ ಬಾರಿಗೆ ಪಾತ್ರೆಯ ಕಡೆ ನೋಡದೆ ಅಪ್ಪನ ಕಡೆ ತಿರುಗಿ ಮಾತಾಡಿದಳು.

"ನಮ್ಮಣ್ಣನ ಕಣ್ಣು ಅಂದ್ರಿ. ಈಗ ಗೊತ್ತಾಯ್ತಲ್ಲ, ಯಾರ ಮರ ಅಂತ. ನಿಮ್ಮವ್ವಂಗೆ ಒಂದು ಮಾತು ಹೇಳೋಕೆ ಆಗಲ್ವಾ?"

"ಹೇಳಿದ್ನಲ್ಲ."

"ನಮ್ಮಣ್ಣನ ಹೆಸರು ತಂದಿದ್ದು ತಪ್ಪು ಅಂತ ಹೇಳಿದ್ರಾ?"

ಅಪ್ಪ ಕೈ ತೊಳೆದು ಎದ್ದುಹೋದ. ಅವನ ಎಲೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ನಮ್ಮಪ್ಪ ಕೆಟ್ಟವನಲ್ಲ. ಅವನಿಗೆ ಸರಿ ಯಾವುದೆಂದು ಗೊತ್ತಿತ್ತು. ಗೊತ್ತಿದ್ದೂ ಮಾಡಲಾರದೆ ಒದ್ದಾಡುವ ಮನುಷ್ಯನ ಮುಖ ಹೇಗಿರುತ್ತದೆಂದು ನಾನು ಆ ದಿನಗಳಲ್ಲಿ ನೋಡಿದೆ. ಮುಂದೆ ಹಲವರಲ್ಲಿ ಅದನ್ನು ಗುರುತಿಸಿದ್ದೇನೆ, ಒಮ್ಮೊಮ್ಮೆ ಕನ್ನಡಿಯಲ್ಲೂ.

ಬಳೆ ತೊಡಿಸುವ ಶಾಸ್ತ್ರವಾದ ಮೇಲೆ ಅತ್ತೆ ಹೆರಿಗೆಗೆಂದು ಮನೆಗೆ ಬಂದಳು. ಮೊಣಕೈವರೆಗೂ ಗಾಜಿನ ಬಳೆ, ಊದಿದ ಕಾಲು, ಮುಖದಲ್ಲಿ ಹಳೆಯ ನಗು. ನಾನು ಚಾಪೆಯನ್ನು ಮತ್ತೆ ಅವಳ ಪಕ್ಕಕ್ಕೆ ಎಳೆದುಕೊಂಡೆ. ಮನೆಯಲ್ಲಿ ಅವಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಬಸುರಿಗೆ ಹೇಳಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಆದರೆ ಅತ್ತೆಗೆ ನಡೆಯುವ ಚಟ. ಎರಡನೇ ದಿನವೇ ನನ್ನ ಕೈ ಹಿಡಿದು ಕಾಲುವೆ ದಾಟಿ ತೋಟಕ್ಕೆ ಬಂದಳು. ಖಾಲಿ ಜಾಗಗಳನ್ನು ನೋಡುತ್ತ ನಿಧಾನವಾಗಿ ನಡೆದು ಬಾವಿಯ ಬಳಿ ನಿಂತಳು. ಅಪ್ಪ ಅಲ್ಲಿ ಸಾಲಿಗೆ ನೀರು ತಿರುಗಿಸುತ್ತಿದ್ದ.

"ಏನಣ್ಣಾ ಇದು?"

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಗುದ್ದಲಿಯ ಮೇಲೆ ಕೈಯಿಟ್ಟು ಎಲ್ಲ ಹೇಳಿದ. ಹೇನು, ನಂಜು, ಬೆಟ್ಟದಿಂದ ಬಂದ ಗಡ್ಡೆ, ಎಲ್ಲ. ಅತ್ತೆ ಕೊಪ್ಪು ಕಟ್ಟಿ ನಿಂತಿದ್ದ ಆ ಬುಡವನ್ನೇ ನೋಡುತ್ತಿದ್ದಳು.

"ಇದೊಂದನ್ನ ಯಾಕೆ ಬಿಟ್ಟಿದ್ದೀಯಾ?"

"ನಿನಗೋಸ್ಕರ. ಅವ್ವ ಬ್ಯಾಡ ಅಂದ್ಲು."

ಅತ್ತೆಯ ಮುಖ ಕೆಂಪೇರಿತು. "ನನಗೋಸ್ಕರ ಅಂತ ಈ ತೋಟ ಸಾಯಿಸ್ತೀರಾ? ಇಷ್ಟು ಮರದ ಪಾಪ ನನ್ ಕೂಸಿನ ತಲೆ ಮ್ಯಾಲೆ ಯಾಕೆ ಹಾಕ್ತೀರಾ? ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಅವಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು. ಅಡುಗೆಮನೆಯಿಂದ ಸೀಮೆಎಣ್ಣೆಯ ಡಬ್ಬಿ ಎತ್ತಿಕೊಂಡಾಗ ಅವ್ವ ತಡೆಯಲಿಲ್ಲ; ಬಾಗಿಲಿಗೆ ಅಡ್ಡವಾಗಿದ್ದ ಮಣೆಯನ್ನು ಸರಿಸಿಕೊಟ್ಟಳು. ತೋಟಕ್ಕೆ ಮರಳಿದ ಅತ್ತೆ ಒಂದೊಂದೇ ಕಂದಿನ ಸುಳಿಯನ್ನು ಬಗ್ಗಿಸಿ ಎಣ್ಣೆ ಸುರಿದಳು. ಬುಡದ ಪಟ್ಟೆಗಳನ್ನು ಬಿಡಿಸಿ ಅಲ್ಲಿಗೂ ಸುರಿದಳು. ಬಳೆಗಳು ಗಲಗಲ ಅನ್ನುತ್ತಿದ್ದವು. ಇರುವೆಗಳು ದಿಕ್ಕಾಪಾಲಾಗಿ ಮೇಲೆ ಹತ್ತಿದವು. ಹೇನುಗಳು ಕೂತಲ್ಲೇ ಎಣ್ಣೆಯಲ್ಲಿ ಅಂಟಿಕೊಂಡವು. ಅಪ್ಪ ಗುದ್ದಲಿ ಹಿಡಿದು ನೋಡುತ್ತ ನಿಂತಿದ್ದ.

ಮರುದಿನ ಬೆಳಗ್ಗೆ ಅವಳು ಹಾರೆ ಎತ್ತಿದಾಗ ಅಪ್ಪ ಓಡಿಬಂದು ಕಿತ್ತುಕೊಂಡ. "ಈ ಹೊಟ್ಟೆ ಇಟ್ಕೊಂಡು ಬಗ್ಗಬ್ಯಾಡ. ಆ ಕಡೆ ಹೋಗು, ನಾನು ತೋಡ್ತೀನಿ." ಅವನು ಅಳುತ್ತ ತೋಡಿದ. ಗಡ್ಡೆ ದೊಡ್ಡದಾಗಿ ಬೆಳೆದಿತ್ತು, ಸುಲಭವಾಗಿ ಬರಲಿಲ್ಲ. ಅದು ಮೇಲೆ ಬಂದ ಹೊತ್ತಿಗೆ ಅಜ್ಜಿ ಕಾಲುವೆಯ ಏರಿಯ ಮೇಲೆ ಕಾಣಿಸಿದಳು. ಅಂದು ಶುಕ್ರವಾರ. ಕೈಯಲ್ಲಿ ಅರಿಸಿನದ ಬಟ್ಟಲಿತ್ತು. ಅವಳು ಕೂಗಾಡುತ್ತಾಳೆಂದು ನಾನು ಅತ್ತೆಯ ಸೆರಗಿನ ಹಿಂದೆ ಹೋದೆ. ಅಜ್ಜಿ ಕೂಗಾಡಲಿಲ್ಲ. ಏರಿಯ ಮೇಲೆಯೇ ಕುಸಿದು ಕೂತಳು.

"ನಿನ್ ಕೈಯ್ಯಾರೆ ಮಾಡ್ಕೊಂಡೆ" ಅಂದಳು. ಅಷ್ಟೇ.

ಅಂದಿನಿಂದ ಅಜ್ಜಿ ಅತ್ತೆಯ ಜೊತೆ ಮಾತು ಬಿಟ್ಟಳು. ಬಾಣಂತಿಗೆ ಬೇಕಾಗುವ ಲೇಹ್ಯ ಕುದಿಸಿದಳು, ಹಳೆಯ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡಿದಳು, ಬೆಲ್ಲ ಎಳ್ಳು ಕುಟ್ಟಿ ಉಂಡೆ ಕಟ್ಟಿದಳು. ಅವನ್ನೆಲ್ಲ ಅತ್ತೆಯ ಮುಂದೆ ಇಟ್ಟು, ನನ್ನ ಕಡೆ ತಿರುಗಿ "ತಿನ್ನು ಅಂತ ನಿಮ್ಮತ್ತೆಗೆ ಹೇಳು" ಅನ್ನುತ್ತಿದ್ದಳು. ಅತ್ತೆಯೂ ಬಿಟ್ಟುಕೊಡುವವಳಲ್ಲ. "ಹಸಿವಿಲ್ಲ ಅಂತ ನಿಮ್ಮಜ್ಜಿಗೆ ಹೇಳು" ಅನ್ನುತ್ತಿದ್ದಳು. ಒಂದೇ ಕೋಣೆಯಲ್ಲಿ ಎದುರೆದುರು ಕೂತ ಇಬ್ಬರ ನಡುವೆ ನಾನು ಮಾತು ಹೊತ್ತು ತಿರುಗಿದೆ. ಒಬ್ಬರ ಮಾತಿನ ಒರಟನ್ನು ಸ್ವಲ್ಪ ಕಳೆದು ಇನ್ನೊಬ್ಬರಿಗೆ ಒಪ್ಪಿಸುವುದನ್ನು ಆಗಲೇ ಕಲಿತೆ. "ಹಸಿವಿಲ್ಲ" ಅಂದದ್ದನ್ನು "ಆಮ್ಯಾಲೆ ತಿಂತಾಳಂತೆ" ಮಾಡುತ್ತಿದ್ದೆ. ಅವರಿಬ್ಬರಿಗೂ ಅದು ಕೇಳಿಸುತ್ತಲೇ ಇತ್ತು. ಇಬ್ಬರೂ ತಿದ್ದಲಿಲ್ಲ.

ಹೆರಿಗೆ ಕಷ್ಟದ್ದಾಯಿತು. ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಅಜ್ಜಿ ನೀರನ್ನೂ ಮುಟ್ಟದೆ ಕೂತಿದ್ದಳು. ಹೆಣ್ಣುಕೂಸು ಹುಟ್ಟಿತು. ಚಿಕ್ಕದು, ಮೈಯೆಲ್ಲ ಅರಿಸಿನದ ಬಣ್ಣ. ಅದನ್ನು ಬೆಳಕಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅಜ್ಜಿ ಗಾಜಿನಾಚೆಯಿಂದ ಅದನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಆ ತೋಟದಲ್ಲಿ ಅಷ್ಟು ಧೈರ್ಯದಿಂದ ನಿಂತಿದ್ದವಳ ಒಳಗೆ ಹೆದರಿಕೆ ಇತ್ತೆಂದು ನನಗೆ ತಿಳಿದದ್ದು ಆಗ. ಕೂಸು ದಿನದಿಂದ ದಿನಕ್ಕೆ ಬಣ್ಣ ತಿರುಗಿ, ಹಾಲು ಹಿಡಿದು, ಮನೆಗೆ ಬಂತು. ಅಜ್ಜಿಯ ಮೌನ ಮಾತ್ರ ಹಾಗೇ ಇತ್ತು.

ಹೆಸರಿಡುವ ದಿನ ಓಡೈಪಟ್ಟಿಯವರು ಬಂದರು. ಕೂಸಿನ ಅಪ್ಪ, ನನ್ನ ಮಾಮ, ಸಂಕೋಚದ ಮನುಷ್ಯ. ತೊಟ್ಟಿಲ ಬಳಿ ನಿಂತು ಮಗುವಿನ ಬೆರಳು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವನ ಅಪ್ಪ ಜಗಲಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು, ಊಟಕ್ಕೆ ಇನ್ನೂ ಹೊತ್ತಿದೆ ಎಂದಾಗ, ತೋಟ ನೋಡಿ ಬರೋಣ ಎಂದರು.

"ನಾವು ಕೊಟ್ಟ ಬಾಳೆ ಹೆಂಗೈತೆ? ಈ ವರ್ಷ ಗೊನೆ ಬಂದಿರಬೇಕಲ್ಲ?"

ಅಪ್ಪ ನೆಲ ನೋಡಿದ. ಒಳಗೆ ತೊಟ್ಟಿಲ ಪಕ್ಕದಲ್ಲಿದ್ದ ಅತ್ತೆ ಎದ್ದು ನಿಂತದ್ದು ನನಗೆ ಕಂಡಿತು. ಅವಳು ಹೊಸಿಲಿಗೆ ಬರುವಷ್ಟರಲ್ಲಿ ಅಜ್ಜಿ ಜಗಲಿಗೆ ಹೋಗಿದ್ದಳು.

"ಅದು ಇಲ್ಲ ಸಂಬಂದಿ. ರೋಗ ಬಂದಿತ್ತು. ನಾನೇ ಕೀಳಿಸ್ದೆ."

"ನೀವಾ?"

"ನಾನೇ. ಎಣ್ಣೆ ಉಯ್ದಿದ್ದು ನಾನೇ, ಕೀಳು ಅಂತ ಮಗಂಗೆ ಹೇಳಿದ್ದೂ ನಾನೇ. ಇವರೆಲ್ಲ ಬ್ಯಾಡ ಬ್ಯಾಡ ಅಂದ್ರು. ನಾನು ಕೇಳಲಿಲ್ಲ."

ಅತ್ತೆ ಹೊಸಿಲಲ್ಲೇ ನಿಂತುಬಿಟ್ಟಳು. ಅವಳ ಮಾವ ನಿಧಾನವಾಗಿ ಎದ್ದರು. ನಮ್ಮ ಮನೆಯಿಂದ ಕೊಟ್ಟದ್ದು ರೋಗ ಅಂತೀರಾ ಎಂದು ಕೇಳಿದರು. ಮದುವೆ ಬಾಳೆಗೆ ಎಣ್ಣೆ ಸುರಿದ ಮನೆಯನ್ನು ತಾನು ಇದುವರೆಗೆ ನೋಡಿರಲಿಲ್ಲ ಎಂದರು. ಅಜ್ಜಿ ಸೆರಗು ಬಿಗಿದು ನಿಂತು, ಬಂದ ಮಾತನ್ನೆಲ್ಲ ತಲೆ ತಗ್ಗಿಸದೆ ಕೇಳಿಕೊಂಡಳು. ಅವರು ಊಟ ಮಾಡದೆ ಹೋದರು. ಮಾಮ ತನ್ನ ಅಪ್ಪನ ಹಿಂದೆ ನಡೆದ, ಬೀದಿಯ ತಿರುವಿನವರೆಗೂ ಹಿಂದಿರುಗಿ ನೋಡುತ್ತಿದ್ದ. ಮಾಡಿದ ಪಾಯಸವನ್ನು ಅವ್ವ ನೆರೆಹೊರೆಗೆ ಹಂಚಿದಳು. ಆ ಸಂಜೆ ಅತ್ತೆ ಅಜ್ಜಿಯ ಹತ್ತಿರ ಹೋಗಿ "ಅವ್ವಾ" ಎಂದು ಕರೆದಳು. ಅಜ್ಜಿ ನನ್ನ ಕಡೆ ತಿರುಗಿ, "ಕೂಸು ಅಳ್ತೈತೆ ಅಂತ ನಿಮ್ಮತ್ತೆಗೆ ಹೇಳು" ಎಂದಳು. ಕೂಸು ನಿದ್ದೆ ಮಾಡುತ್ತಿತ್ತು.

ತೋಟವೂ ಉಳಿಯಲಿಲ್ಲ. ಮೂಲದ ಬುಡ ತೆಗೆದದ್ದು ತಡವಾಗಿತ್ತು. ಹಸಿರಾಗಿ ಕಂಡ ಮರಗಳೊಳಗೂ ನಂಜು ಸೇರಿಹೋಗಿತ್ತು. ಇಲಾಖೆಯ ಆ ಹೆಂಗಸು ಮತ್ತೆ ಬಂದು ನೋಡಿ, ಎಲ್ಲ ತೆಗೆದು ಕೆಲವು ಕಾಲ ಬೇರೆ ಏನಾದರೂ ಹಾಕಿ ಎಂದರು. ಅಪ್ಪ ಕೊನೆಯ ಸಾಲನ್ನೂ ಕಿತ್ತ ದಿನ ನಾನು ಶಾಲೆಯಿಂದ ಬಂದು ಏರಿಯ ಮೇಲೆ ನಿಂತೆ. ಯಾವಾಗಲೂ ಎಲೆಗಳ ಹಿಂದೆ ಮರೆಯಾಗಿರುತ್ತಿದ್ದ ಬೋಡಿಮೆಟ್ಟಿನ ಬೆಟ್ಟ ಅಂದು ಬರಿದಾಗಿ ಎದುರಿಗೆ ನಿಂತಿತ್ತು.

ಓಡೈಪಟ್ಟಿಯಿಂದ ಅತ್ತೆಯನ್ನು ಕರೆಯಲು ಯಾರೂ ಬರಲಿಲ್ಲ. ಬರಬೇಕಾದ ತಿಂಗಳು ಬಂತು, ಹೋಯಿತು. ಬೀದಿಯ ಹೆಂಗಸರು ಬಾವಿಕಟ್ಟೆಯಲ್ಲಿ ದನಿ ತಗ್ಗಿಸತೊಡಗಿದರು. ಒಂದು ಬೆಳಗ್ಗೆ ಅಜ್ಜಿ ಒಗೆದ ಸೀರೆಯುಟ್ಟು, "ಕೂಸಿನ ಬಟ್ಟೆ ಕಟ್ಕೋ ಅಂತ ನಿಮ್ಮತ್ತೆಗೆ ಹೇಳು. ನೀನೂ ಹೊರಡು" ಅಂದಳು. ಬೀಗರು ಕರೆಯದೆ ಹೆಣ್ಣನ್ನು ತಾವಾಗಿ ಬಿಟ್ಟುಬರುವುದು ನಮ್ಮಲ್ಲಿ ತೀರಾ ತಲೆ ತಗ್ಗಿಸುವ ಕೆಲಸ. ತಾನು ಹೋಗುತ್ತೇನೆಂದು ಅಪ್ಪ ಅಂದ. ಅಜ್ಜಿ ಒಪ್ಪಲಿಲ್ಲ. ಓಡೈಪಟ್ಟಿಯ ಬಸ್ಸಿನಲ್ಲಿ ಅವಳು ಅತ್ತೆಯ ಪಕ್ಕದಲ್ಲೇ ಕೂತಳು, ಮಾತಿಗೆ ಮಾತ್ರ ನನ್ನ ಕಡೆಗೇ ತಿರುಗುತ್ತಿದ್ದಳು.

ನಾವು ಹೋದಾಗ ಅತ್ತೆಯ ಮಾವ ದ್ರಾಕ್ಷಿಯ ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಿದ್ದರು. ಆ ಗತ್ತಿನ ಮನುಷ್ಯ ಈಗ ಸ್ವಲ್ಪ ಬಾಗಿದ ಹಾಗಿತ್ತು. ಅಜ್ಜಿ ಅವರ ಮುಂದೆ ಹೋಗಿ ನಿಂತಳು.

"ಮರ ಕಿತ್ತೋಳು ನಾನು. ಬೈಯೋದಾದ್ರೆ ನನ್ನ ಬೈರಿ, ಎಷ್ಟು ಬೇಕಾದ್ರೂ ಬೈರಿ. ಈ ಹೆಣ್ಣು ಏನೂ ಮಾಡಿಲ್ಲ. ಕೂಸು ತನ್ನ ಮನೇಲಿ ಬೆಳೀಲಿ."

ಅವರು ಕೈಯಲ್ಲಿದ್ದ ನಾರನ್ನು ಬಳ್ಳಿಗೆ ಸುತ್ತಿ ಗಂಟು ಹಾಕಿದರು. ಆಮೇಲೆ ಹೇಳಿದರು. "ಸಿರುಮಲೈಗೆ ಹೋಗಿದ್ದೆನಮ್ಮಾ. ನಮ್ಮ ಭಾವನ ತೋಟಕ್ಕೆ. ಒಂದು ಒಳ್ಳೇ ಮರವೂ ಇಲ್ಲ. ಬೆಟ್ಟಾನೇ ಪೊರಕೆ ನಿಲ್ಲಿಸ್ದಂಗೆ ಐತೆ. ಅವರು ಮದುವೆ ಹೊತ್ತಲ್ಲೇ ಎಲೆ ಸಣ್ಣಗಾಗೋದು ನೋಡಿದ್ರಂತೆ, ರೋಗ ಅಂತ ಗೊತ್ತಾಗಲಿಲ್ವಂತೆ." ಅತ್ತೆಯ ಕಡೆ ತಿರುಗಿದರು. "ಒಳಗೆ ಹೋಗಮ್ಮಾ. ಕೂಸಿಗೆ ಬಿಸಿಲು."

ಮಾಮ ಎಲ್ಲಿಂದಲೋ ಓಡಿಬಂದು ಕೂಸನ್ನು ಎತ್ತಿಕೊಂಡ. ಅಜ್ಜಿ ಒಂದು ಲೋಟ ನೀರು ಮಾತ್ರ ಕುಡಿದು, ಅತ್ತೆಯ ಕಡೆ ನೋಡದೆಯೇ ನನ್ನ ಕೈ ಹಿಡಿದು ಹೊರಟಳು.

ವಾಪಸು ಬರುವ ಬಸ್ಸಿನಲ್ಲಿ ಜನ ಕಡಿಮೆ. ಅಜ್ಜಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅಂದಳು:

"ನಿಮ್ಮತ್ತೆ ಮಾಡಿದ್ದೇ ಸರಿ. ನಾನು ಮೊದಲೇ ಕೀಳೋಕೆ ಬಿಟ್ಟಿದ್ರೆ ತೋಟ ಉಳೀತಿತ್ತು."

ಅದನ್ನು ಅತ್ತೆಗೆ ಹೇಳಲೇ ಎಂದು ಕೇಳಿದೆ. ಅಷ್ಟು ದಿನ ಮಾತು ಹೊತ್ತು ತಿರುಗಿದ ಅಭ್ಯಾಸ ನನಗೆ. ಅಜ್ಜಿ ಬೇಡವೆಂದೂ ಅನ್ನಲಿಲ್ಲ, ಹೇಳೆಂದೂ ಅನ್ನಲಿಲ್ಲ. ಮುಖ ಮತ್ತೆ ಕಿಟಕಿಗೆ ತಿರುಗಿತು. ಆಮೇಲೆ ಹಬ್ಬಕ್ಕೆ ಅತ್ತೆ ಬಂದಾಗ ಇಬ್ಬರೂ ಮಾತಾಡಿದರು. ಅಡುಗೆಯ ವಿಷಯ, ಕೂಸಿನ ವಿಷಯ, ದ್ರಾಕ್ಷಿಯ ವಿಷಯ. ಆ ಬುಡದ ವಿಷಯ ಒಮ್ಮೆಯೂ ಬರಲಿಲ್ಲ. ಅಜ್ಜಿ ತೀರಿಕೊಂಡು ಬಹಳ ಕಾಲವಾದ ಮೇಲೆ, ನಾನೂ ಮದುವೆಯಾಗಿ, ಮಕ್ಕಳಾಗಿ, ಒಮ್ಮೆ ಓಡೈಪಟ್ಟಿಗೆ ಹೋಗಿದ್ದಾಗ ಅತ್ತೆಗೆ ಆ ಮಾತನ್ನು ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಯಾವಾಗ ಹೇಳಿದ್ಲು?"

"ನಿನ್ನ ಬಿಟ್ಟು ಬರೋವಾಗ. ಬಸ್ಸಲ್ಲಿ."

ಅತ್ತೆ ಮೊರವನ್ನು ಪಕ್ಕಕ್ಕೆ ಇಟ್ಟಳು.

"ಹೋಗೋವಾಗ ನನ್ ಪಕ್ಕದಲ್ಲೇ ಕೂತಿದ್ಲಲ್ಲ" ಅಂದಳು.